ಕಾಡಿನಲ್ಲಿ ಬಿಟ್ಟ ರೋಗಿಗಳು: ಸಂತ ಜೋಸೆಫ್ ವಾಜರ ಹಬ್ಬದ ಚಿಂತನೆ



ಜನವರಿ 16ರಂದು ಧರ್ಮಸಭೆ ಸಂತ ಜೋಸೆಫ್ ವಾಜರ ಹಬ್ಬವನ್ನು ಆಚರಿಸುತ್ತದೆ. ಬೆಳಗಾವಿ ಮತ್ತು ಖಾನಾಪುರದ ನಮ್ಮ ಕುಟುಂಬಗಳಿಗೆ ಈ ಸಂತರು ಹೊರಗಿನವರೇನಲ್ಲ. 1651ರಲ್ಲಿ ಘಟ್ಟದ ಕೆಳಗಿನ ಗೋವೆಯ ಬಾಣಾವಳಿಯಲ್ಲಿ ಹುಟ್ಟಿದವರು. 1681ರಿಂದ 1684ರವರೆಗೆ ನಮ್ಮ ಕರಾವಳಿಯಲ್ಲಿ, ಮಂಗಳೂರು, ಬಸ್ರೂರು, ಗಂಗೊಳ್ಳಿಗಳಲ್ಲಿ ಸೇವೆ ಮಾಡಿದವರು. 1687ರಲ್ಲಿ ಶ್ರೀಲಂಕಾಕ್ಕೆ ಹೋಗಿ, 1711ರ ಇದೇ ದಿನ ಕ್ಯಾಂಡಿಯಲ್ಲಿ ದೈವಾಧೀನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಇವರನ್ನು ಸಂತರೆಂದು ಘೋಷಿಸಿದರು.

ಅವರ ಜೀವನದ ಒಂದು ಘಟನೆಯನ್ನು ಇಂದು ಧ್ಯಾನಿಸೋಣ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಅರಸರೂ ಅನುಕೂಲಸ್ಥರೂ ಊರು ಬಿಟ್ಟರು. ಭಯದಿಂದ ಜನ ತಮ್ಮ ಮನೆಯ ರೋಗಿಗಳನ್ನೇ ಕಾಡಿಗೆ ಒಯ್ದು ಬಿಟ್ಟು ಬಂದರು. ವಂದನೀಯ ವಾಜರು ಮಾತ್ರ ಓಡಲಿಲ್ಲ. ಅವರು ರೋಗಿಗಳನ್ನು ಹುಡುಕಿಕೊಂಡು ಹೋದರು. ಗುಡಿಸಲು ಕಟ್ಟಿ, ಊಟ ನೀರು ಕೊಟ್ಟು, ಮೈ ತೊಳೆದು ಶುಶ್ರೂಷೆ ಮಾಡಿದರು. ಸತ್ತವರಿಗೆ ಮಣ್ಣು ಕೊಟ್ಟರು. ನೀನು ಯಾವ ಜಾತಿ, ಯಾವ ಮತ ಎಂದು ಯಾರನ್ನೂ ಕೇಳಲಿಲ್ಲ.

ಇಂದು ಸಿಡುಬು ಇಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಿತು. ಆ ರೋಗವನ್ನು ಓಡಿಸಿದ ಲಸಿಕೆ ಒಂದು ಕಾಲದಲ್ಲಿ ನಮ್ಮ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿಯೂ ತಯಾರಾಗುತ್ತಿತ್ತು ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಹಾಗಾದರೆ ರೋಗಿಯನ್ನು ಕಾಡಿಗೆ ಬಿಡುವ ಕಾಲ ಮುಗಿಯಿತೇ? ಇಲ್ಲ, ಪ್ರಿಯರೇ. ಈಗ ಆ ಕಾಡು ನಮ್ಮ ಮನೆಯೊಳಗೇ ಬೆಳೆದಿದೆ. ರೋಗವನ್ನು ಮುಚ್ಚಿಡುವುದೇ ಆ ಕಾಡು.

ನಮ್ಮ ಗಾನವೃಂದದ ಹಿರಿಯರೊಬ್ಬರ ಮಾತು ಹೇಳುತ್ತೇವೆ. ಕೆಲವು ತಿಂಗಳು ಅವರು ಕುಂಟುತ್ತಾ ದೇವಾಲಯಕ್ಕೆ ಬರುತ್ತಿದ್ದರು. ನಾವು ಪೀಠದಿಂದ ನೋಡುತ್ತಿದ್ದೆವು, ಆದರೆ ಕೇಳಲಿಲ್ಲ. ಕಡೆಗೆ ಮನೆಗೆ ಹೋದಾಗ ಪಾದದ ಹುಣ್ಣು ಕಪ್ಪಾಗಿತ್ತು. ಸಕ್ಕರೆ ಕಾಯಿಲೆ ಇರುವುದು ಅವರಿಗೆ ಮೂರು ವರ್ಷದಿಂದ ಗೊತ್ತಿತ್ತು. “ಫಾದರ್, ಮಗಳಿಗೆ ಗಂಡು ನೋಡಾಕತ್ತೀವ್ರಿ. ಮನ್ಯಾಗ ಸಕ್ಕರಿ ಕಾಯಿಲೆ ಐತಿ ಅಂತ ಗೊತ್ತಾದ್ರ ಯಾರ್ ಮುಂದ ಬರ್ತಾರ್ರಿ?” ಎಂದರು. ಮೊಣಕಾಲ ಕೆಳಗೆ ಕಾಲು ತೆಗೆಯಬೇಕಾಯಿತು. ಪ್ರತಿ ಭಾನುವಾರ ಅವರಿಗೆ ಪರಮಪ್ರಸಾದ ಕೊಟ್ಟ ನಾವು ಒಂದು ಬಾರಿಯೂ ‘ಕಾಲಿಗೆ ಏನಾಯಿತು?’ ಎಂದು ಕೇಳಲಿಲ್ಲವಲ್ಲ ಎಂಬ ನೋವು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಇದು ಒಬ್ಬರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಮಧುಮೇಹವೂ ರಕ್ತದೊತ್ತಡವೂ ಮೊದಮೊದಲು ನೋವು ಕೊಡುವುದಿಲ್ಲ. ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಹೃದಯ, ಪಾದಗಳನ್ನು ಕೆಡಿಸುತ್ತವೆ. ಆದ್ದರಿಂದ 30 ವರ್ಷ ದಾಟಿದ ಪ್ರತಿಯೊಬ್ಬರೂ ಇವೆರಡನ್ನೂ ಪರೀಕ್ಷಿಸಿಕೊಳ್ಳಬೇಕು. ಈ ಪರೀಕ್ಷೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.

ಕ್ಷಯವೂ ಹಾಗೆಯೇ. ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಸಾಮಾನ್ಯ ಕ್ಷಯ ಆರು ತಿಂಗಳ ಮಾತ್ರೆಯಿಂದ ವಾಸಿಯಾಗುತ್ತದೆ. ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕಾಗಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿದ್ದುದನ್ನು ಸರ್ಕಾರ 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಿದೆ. ಔಷಧಿಯ ಕೊರತೆಗಿಂತ ‘ಜನ ಏನಂದಾರು’ ಎಂಬ ಅಂಜಿಕೆಯೇ ನಮ್ಮವರನ್ನು ಹೆಚ್ಚು ಕೊಲ್ಲುತ್ತಿದೆ. ಕುಡಿತದ ಚಟ, ಮನಸ್ಸಿನ ಕಾಯಿಲೆಗಳನ್ನಂತೂ ನಾವು ಕಾಯಿಲೆ ಎಂದೇ ಒಪ್ಪುವುದಿಲ್ಲ. ಮನಸ್ಸು ಕುಗ್ಗಿದವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ, ಖರ್ಚಿಲ್ಲದೆ ಸಲಹೆ ಸಿಗುತ್ತದೆ.

‘ಪ್ರಾರ್ಥನೆ ಮಾಡಿದರೆ ಸಾಕು ಫಾದರ್, ಮಾತ್ರೆ ಯಾಕೆ?’ ಎನ್ನುವವರೂ ಇದ್ದಾರೆ. ಅವರು ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಓದಲಿ. ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ, ವೈದ್ಯರನ್ನು ಕೊಟ್ಟವರೂ ದೇವರೇ. ಕಾಯಿಲೆ ಬಂದಾಗ ಪ್ರಾರ್ಥಿಸು, ಬಳಿಕ ವೈದ್ಯರಿಗೂ ಸ್ಥಾನ ಕೊಡು ಎಂಬುದು ಅಲ್ಲಿನ ಬೋಧನೆ. ಪ್ರಾರ್ಥನೆ ಮತ್ತು ಮಾತ್ರೆ ಒಂದಕ್ಕೊಂದು ಎದುರಾಳಿಗಳಲ್ಲ.

ಇನ್ನೂ ಎರಡು ತಪ್ಪು ತಿಳಿವಳಿಕೆಗಳನ್ನು ತಿದ್ದಬೇಕಾಗಿದೆ. ಮೊದಲನೆಯದು ಉಪವಾಸದ್ದು. ಎಷ್ಟೋ ಹಿರಿಯರು ಬೆಳಗಿನ ಬಲಿಪೂಜೆಗೆಂದು ತಿಂಡಿಯನ್ನೂ ಮಾತ್ರೆಯನ್ನೂ ಬಿಟ್ಟು ಬಂದು, ಪೀಠದ ಮುಂದೆಯೇ ತಲೆ ಸುತ್ತಿ ಬೀಳುತ್ತಾರೆ. ಪರಮಪ್ರಸಾದಕ್ಕೆ ಮುಂಚಿನ ಉಪವಾಸ ಒಂದು ಗಂಟೆಯದು ಮಾತ್ರ. ನೀರು, ಔಷಧಿ ಅದನ್ನು ಮುರಿಯುವುದಿಲ್ಲ. ವೃದ್ಧರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಆ ಒಂದು ಗಂಟೆಯ ಕಟ್ಟೂ ಇಲ್ಲ (ಧರ್ಮಸಭೆಯ ಕಾನೂನು 919). ವೈದ್ಯರು ಹೇಳಿದ ಹೊತ್ತಿಗೆ ಉಂಡು, ಮಾತ್ರೆ ತೆಗೆದುಕೊಂಡು ಧೈರ್ಯವಾಗಿ ಬನ್ನಿ.

ಎರಡನೆಯದು ರೋಗಿಗಳ ಅಭ್ಯಂಗ ಸಂಸ್ಕಾರದ್ದು. ಗುರುಗಳು ಪವಿತ್ರ ತೈಲ ತಂದರೆ ಸಾವು ಬಂತೆಂದು ಮನೆಯವರು ಹೆದರುತ್ತಾರೆ. ಉಸಿರು ನಿಲ್ಲುವಾಗ ಮಾತ್ರ ಕರೆಯುತ್ತಾರೆ. ಈ ಸಂಸ್ಕಾರ ಕೊನೆಯುಸಿರಿನವರಿಗೆ ಮಾತ್ರವಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸ್ಪಷ್ಟಪಡಿಸಿದೆ. ಗಂಭೀರ ಕಾಯಿಲೆ ಕಂಡಾಗ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ, ಮುಪ್ಪಿನಿಂದ ಬಲಗುಂದಿದಾಗ ನಮ್ಮನ್ನು ಕರೆಯಿರಿ.

ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ (ಮಾರ್ಕ 2:1-12). ಜನಸಂದಣಿಯಿಂದಾಗಿ ಬಾಗಿಲಲ್ಲಿ ದಾರಿ ಸಿಗದಾಗ ಛಾವಣಿ ತೆರೆದು ಇಳಿಸುತ್ತಾರೆ. ಯೇಸುಸ್ವಾಮಿ ನೋಡಿದ್ದು ಆ ಹೊತ್ತವರ ವಿಶ್ವಾಸವನ್ನು. ನಮ್ಮ ಧರ್ಮಕೇಂದ್ರಕ್ಕೆ ಬೇಕಾಗಿರುವುದು ಇಂಥ ನಾಲ್ವರು.

ಪ್ರತಿ ವಾರ್ಡಿನಲ್ಲಿ ನಾಲ್ವರು ಮುಂದೆ ಬರಲಿ. ಹಾಸಿಗೆ ಹಿಡಿದವರು, ಒಂಟಿಯಾಗಿರುವ ವೃದ್ಧರು ಯಾರೆಂದು ತಿಳಿದುಕೊಳ್ಳಲಿ. ಮೊದಲ ಶುಕ್ರವಾರ ಗುರುಗಳು ರೋಗಿಗಳಿಗೆ ಪರಮಪ್ರಸಾದ ಒಯ್ಯುವಾಗ ಜೊತೆಗೆ ಹೋಗಿ ಕೇಳಲಿ: ಮಾತ್ರೆ ಮುಗಿದಿದೆಯೇ? ಪಾದದಲ್ಲಿ ಗಾಯವಿದೆಯೇ? ಆಸ್ಪತ್ರೆಗೆ ಕರೆದೊಯ್ಯಲು ಜನವಿದೆಯೇ? ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯ ಕೈ ಜೋಡಿಸಲಿ. ನಮ್ಮ ಮನೆಗಳಲ್ಲಿ ನರ್ಸ್ ಕೆಲಸದ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ರಕ್ತದೊತ್ತಡ, ಸಕ್ಕರೆ ನೋಡಲಿ. ಹಬ್ಬದ ದಿನ ಕುಂದಾ ಹಂಚುವವರು ಪಕ್ಕದಲ್ಲಿ ಒಂದು ತಟ್ಟೆ ಹಣ್ಣನ್ನೂ ಇಡಲಿ. ದೇಹಕ್ಕೆ ಆಗುವವರು ಬೆಳಿಗ್ಗೆ ಕೋಟೆ ಕೆರೆಯ ಬಳಿ ಜಪಸರ ಹಿಡಿದೇ ಅರ್ಧ ಗಂಟೆ ನಡೆಯಲಿ.

ಒಂದು ಎಚ್ಚರಿಕೆ. ಕಂಡದ್ದನ್ನು, ಕೇಳಿದ್ದನ್ನು ಹೊರಗೆ ಆಡಬಾರದು. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ರೋಗಿಯ ಹೆಸರನ್ನು ಅವರ ಒಪ್ಪಿಗೆಯಿಂದ ಹೇಳೋಣ. ರೋಗದ ಹೆಸರು ಬೇಡ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಇದ್ದಲ್ಲಿ ಮಾತ್ರ ಜನ ಬಾಯಿ ಬಿಡುತ್ತಾರೆ.

ನಮ್ಮ ಆ ಹಿರಿಯರು ಈಗ ಊರುಗೋಲು ಹಿಡಿದು ಗಾನವೃಂದಕ್ಕೆ ಬರುತ್ತಾರೆ. ಮಗಳ ಮದುವೆಯೂ ಆಯಿತು. ಗಂಡಿನ ಮನೆಯವರಿಗೆ ಎಲ್ಲವನ್ನೂ ಮೊದಲೇ ತಿಳಿಸಿದ್ದರು. ಅದನ್ನು ಮೂರು ವರ್ಷ ಹಿಂದೆಯೇ ಹೇಳಿದ್ದರೆ ಕಾಲು ಉಳಿಯುತ್ತಿತ್ತೋ ಏನೋ.

ಪ್ರಿಯರೇ, ಈ ಹಬ್ಬದ ದಿನ ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಕಾಡಿನಲ್ಲಿ ಬಿಟ್ಟಂತಿರುವವರು ಯಾರೆಂದು ನೋಡಿ. ಅವರ ಬಳಿ ಹೋಗಿ ಕುಳಿತು, ‘ಹೇಗಿದ್ದೀರಿ?’ ಎಂದು ಕೇಳಿ. ಉತ್ತರ ಬರುವವರೆಗೂ ಏಳಬೇಡಿ. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.