ಕಡಲ ಕಪ್ಪು ಮರಳಲ್ಲಿ ಚಿನ್ನ!

ಕಡಲ ದಂಡೆಯ ಮರಳು ತೊಳೆದರೆ ಚಿನ್ನ ಸಿಗುತ್ತಾ?
ಅಲಾಸ್ಕಾದ ನೋಮ್‌ನಲ್ಲಿ ಸಿಕ್ಕಿತ್ತು!

1899ರ ಬೇಸಿಗೆ.
ದಂಡೆಯ ಮರಳಲ್ಲೇ ಚಿನ್ನ ಇದೆ ಅಂತ ಸುದ್ದಿ ಹಬ್ಬಿತು.
ಮರುವರ್ಷ ಸಿಯಾಟಲ್‌ನಿಂದ, ಸ್ಯಾನ್ ಫ್ರಾನ್ಸಿಸ್ಕೋದಿಂದ
ಹಡಗು ಹಡಗು ತುಂಬಿ ಜನ ಬಂದಿಳಿದರು.
ದಂಡೆಯುದ್ದಕ್ಕೂ ಡೇರೆಗಳು!
ಸುರಂಗ ಕೊರೆಯೋ ಕೆಲಸ ಇಲ್ಲ.
ಸಲಿಕೆ, ನೀರು, ಅಲ್ಲಾಡಿಸೋಕೆ ಒಂದು ಮರದ ಪೆಟ್ಟಿಗೆ.
ಅಷ್ಟೇ ಸಾಕಿತ್ತು.

ಅಲೆ ಏನು ಮಾಡುತ್ತೆ ಗೊತ್ತಾ?
ಅಜ್ಜಿ ಮೊರದಲ್ಲಿ ಅಕ್ಕಿ ಕೇರ್ತಾರಲ್ಲ,
ಹಾಗೇ ಮರಳನ್ನ ಕೇರುತ್ತೆ.
ಹಗುರವಾದ ಮರಳು ಕೊಚ್ಚಿ ಹೋಗುತ್ತೆ.
ಭಾರದ್ದು ಉಳಿಯುತ್ತೆ.
ಆ ಭಾರದ್ದೇ ಕಪ್ಪು ಮರಳು.
ಅದರಲ್ಲಿರೋದು ಮ್ಯಾಗ್ನೆಟೈಟ್,
ಅಂದ್ರೆ ಕಬ್ಬಿಣದ ಅದಿರು.
ನೀರಿಗಿಂತ ಸುಮಾರು 5 ಪಟ್ಟು ಭಾರ.
ಚಿನ್ನ? 19 ಪಟ್ಟು!

ಹಾಗಾದ್ರೆ ಬೇರೆ ಮಾಡೋದು ಸುಲಭ ಅಲ್ವಾ?
ಇಲ್ಲ!
ಇದು ತೀರಾ ಸಣ್ಣ ಚಿನ್ನ. ತೆಳು, ಚಪ್ಪಟೆ.
ಎಷ್ಟೋ ಸಲ ಮುಳುಗೋದೇ ಇಲ್ಲ.
ನೀರಿನ ಮೇಲೆ ತೇಲಿಕೊಂಡು
ಮರಳು ತೊಳೆಯೋ ಬಾಣಲೆಯಿಂದ ಆಚೆ ಹೋಗೇ ಬಿಡುತ್ತೆ.

ಇದಕ್ಕೆ ಮದ್ದು ಎಷ್ಟು ಚೆಂದ ನೋಡಿ:
ಪಾತ್ರೆ ತೊಳೆಯೋ ಸೋಪಿನ ಒಂದು ಹನಿ!
ನೀರಿನ ಮೇಲ್ಮೈಯ ಬಿಗಿ ಸಡಿಲ ಆಗುತ್ತೆ.
ಚಿನ್ನ ತಳಕ್ಕಿಳಿಯುತ್ತೆ.
ಆಮೇಲೆ ಮರಳು ಒಣಗಿಸಿ,
ಅಯಸ್ಕಾಂತ ಹಿಡೀರಿ.
ಮ್ಯಾಗ್ನೆಟೈಟ್ ಎದ್ದು ಬರುತ್ತೆ, ಚಿನ್ನ ಅಂಟಲ್ಲ.

ನೋಮ್‌ನಲ್ಲಿ ಆಗಿನವರು ಪಾದರಸವನ್ನೂ ಬಳಸ್ತಿದ್ರು.
ಸಣ್ಣ ಚಿನ್ನವನ್ನ ಅದು ಹಿಡಿದಿಟ್ಟುಕೊಳ್ಳುತ್ತೆ, ನಿಜ.
ಆದರೆ ಆ ಚಿನ್ನ ಬಿಡಿಸೋಕೆ ಕಾಯಿಸಿದಾಗ
ಬರೋ ಆವಿ ವಿಷ.
ನರಗಳನ್ನೇ ಕೆಡಿಸುತ್ತೆ.
ಆ ದಾರಿ ಮಾತ್ರ ಬೇಡವೇ ಬೇಡ.