ಮಾನಸಿಕ ಶುಶ್ರೂಷೆಯೂ ನಮ್ಮ ದಾದಿಯರೂ

ಒಂದು ರಾಷ್ಟ್ರದ ನಾಗರಿಕತೆಯನ್ನು ಅಳೆಯುವುದಕ್ಕೆ ಅದರ ಸೌಧಗಳನ್ನೂ ರಾಜಮಾರ್ಗಗಳನ್ನೂ ನೋಡಿದರೆ ಸಾಲದು. ತನ್ನ ದುಃಖವನ್ನು ತಾನೇ ಹೇಳಿಕೊಳ್ಳಲಾರದ ಪ್ರಜೆಯನ್ನು ಅದು ಹೇಗೆ ನಡೆಯಿಸಿಕೊಳ್ಳುತ್ತದೆಂಬುದನ್ನು ನೋಡಬೇಕು. ಅಂತಹ ಪ್ರಜೆಗಳಲ್ಲಿ ಚಿತ್ತರೋಗಿಗಳು ಮೊದಲಿಗರು. 2001ನೆಯ ಇಸವಿ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಿಂದ ಕಟ್ಟಿಹಾಕಲ್ಪಟ್ಟಿದ್ದ 25ಕ್ಕೂ ಹೆಚ್ಚು ಮಂದಿ ರೋಗಿಗಳು ಓಡಲಾರದೆ ಪ್ರಾಣ ಬಿಟ್ಟರು. ದೇಶವೆಲ್ಲ ತಲೆತಗ್ಗಿಸಿದ ಆ ದಿನದ ನಂತರ ಹದಿನಾರು ವರ್ಷಗಳು ಕಳೆದು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಹುಟ್ಟಿತು. ಮನೋರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಕಟ್ಟತಕ್ಕದ್ದಲ್ಲವೆಂದು ಅದು ಸ್ಪಷ್ಟವಾಗಿ ವಿಧಿಸಿದೆ.

ಸರಪಳಿಯನ್ನು ಕಾಯಿದೆ ಬಿಚ್ಚಬಹುದು. ಬಿಚ್ಚಿದ ಮೇಲೆ ರೋಗಿಯ ಬಳಿ ಕುಳಿತುಕೊಳ್ಳುವವರು ಯಾರು? ಇದೇ ಇಂದು ನಾವು ವಾಚಕರ ಮುಂದಿಡುವ ಪ್ರಶ್ನೆ. ವೈದ್ಯರು ದಿನಕ್ಕೊಮ್ಮೆ ಬಂದು ನೋಡಿ ಹೋಗುವರು. ಉಳಿದ ಹಗಲೂ ರಾತ್ರಿಯೂ ರೋಗಿಯು ದಾದಿಯ ಕೈಯಲ್ಲಿರುತ್ತಾನೆ. ಆ ದಾದಿಗೆ ಮನಸ್ಸಿನ ರೋಗದ ವಿಚಾರವಾಗಿ ತಕ್ಕ ವಿದ್ಯೆ ದೊರೆಯದಿದ್ದರೆ, ಕಬ್ಬಿಣದ ಸರಪಳಿಯ ಸ್ಥಾನದಲ್ಲಿ ಬಟ್ಟೆಯ ಕಟ್ಟು ಬಂದೀತೇ ಹೊರತು ರೋಗಿಯ ಸ್ಥಿತಿಯಲ್ಲಿ ಬದಲಾವಣೆಯೇನೂ ಆಗದು.

ಹಳೆಯ ಕೊರತೆ

ಈ ಕೊರತೆ ಇಂದಿನದಲ್ಲ. 1946ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯವರು, ಅಂದಿನ ಹಿಂದೂಸ್ಥಾನದಲ್ಲಿ ಮನೋರೋಗಿಗಳಿಗೆಂದು ಇದ್ದ ಹಾಸಿಗೆಗಳು ಸುಮಾರು 10,000 ಮಾತ್ರವೆಂದು ತೋರಿಸಿದ್ದರು. ಇಂಗ್ಲೆಂಡಿನಲ್ಲಿ 300 ಜನರಿಗೆ ಒಂದು ಹಾಸಿಗೆಯಿದ್ದಲ್ಲಿ ನಮ್ಮಲ್ಲಿ 40,000 ಜನರಿಗೆ ಒಂದು! ಅಂದು ಪರರ ಆಡಳಿತವನ್ನು ದೂರಬಹುದಾಗಿತ್ತು. ಇಂದು ದೂರುವುದಕ್ಕೆ ನಾವಲ್ಲದೆ ಮತ್ತಾರೂ ಇಲ್ಲ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಹನ್ನೆರಡು ರಾಜ್ಯಗಳಲ್ಲಿ ನಡೆಯಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಪ್ರಾಯಕ್ಕೆ ಬಂದವರಲ್ಲಿ ನೂರಕ್ಕೆ 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ವ್ಯಾಧಿಯಿಂದ ಬಳಲುತ್ತಿದ್ದರು. ಬಹುತೇಕ ವ್ಯಾಧಿಗಳಲ್ಲಿ, ರೋಗವುಳ್ಳ ನೂರು ಮಂದಿಯ ಪೈಕಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬರಂತೆಯೂ ಮನೋವೈದ್ಯರಿಲ್ಲ. ಒಬ್ಬ ಮನೋವೈದ್ಯನನ್ನು ಸಿದ್ಧಪಡಿಸುವುದಕ್ಕೆ ಎಂಟೊಂಬತ್ತು ವರ್ಷಗಳು ಬೇಕು. ಹೀಗಿರುವಲ್ಲಿ ದಾದಿಯರ ಮೇಲೆ ಬೀಳುವ ಭಾರ ಎಷ್ಟೆಂಬುದನ್ನು ಯಾರಾದರೂ ಊಹಿಸಬಹುದು.

ಈ ವಿದ್ಯೆಯ ಅಗತ್ಯವೇನು?

ರೋಗಿಗೆ ಊಟವಿಕ್ಕಿ, ಮಾತ್ರೆ ಕೊಟ್ಟು, ಬಾಗಿಲು ಕಾಯುವುದಕ್ಕೆ ಪದವಿಯೇಕೆಂದು ಕೇಳುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ಅವರಿಗೆ ನಾವು ಉದಾಹರಣೆಗಳ ಮೂಲಕವೇ ಉತ್ತರ ಕೊಡಬಯಸುತ್ತೇವೆ.

ಕುಡಿತದ ಚಟವುಳ್ಳವನೊಬ್ಬನು ಕಾಲು ಮುರಿದುಕೊಂಡು ಜಿಲ್ಲಾ ಆಸ್ಪತ್ರೆಯನ್ನು ಸೇರುತ್ತಾನೆ. ಎರಡನೆಯ ಅಥವಾ ಮೂರನೆಯ ರಾತ್ರಿ ಅವನ ಕೈ ನಡುಗುತ್ತದೆ, ಮೈ ಬೆವರುತ್ತದೆ, ಗೋಡೆಯ ಮೇಲೆ ಹುಳುಗಳು ಹರಿದಂತೆ ಕಂಡು ಅವನು ಕಿರುಚುತ್ತಾನೆ. ಅರಿಯದವರು ಅವನನ್ನು ಮಂಚಕ್ಕೆ ಕಟ್ಟುತ್ತಾರೆ, ಇಲ್ಲವೆ ಹುಚ್ಚನೆಂದು ಹೊರಗೆ ಕಳುಹಿಸುತ್ತಾರೆ. ಅರಿತ ದಾದಿಯು ಮದ್ಯವು ಒಮ್ಮೆಗೇ ನಿಂತುದರಿಂದ ಬಂದ ಸನ್ನಿ ಇದೆಂದೂ, ಪ್ರಾಣಕ್ಕೇ ಎರವಾಗಬಹುದೆಂದೂ ಗುರುತಿಸಿ ಆ ಕ್ಷಣವೇ ವೈದ್ಯರನ್ನು ಕರೆಯಿಸುತ್ತಾಳೆ. ಗ್ಲೂಕೋಸಿಗಿಂತ ಮೊದಲು ಥಯಾಮಿನ್ ಕೊಡಬೇಕೆಂಬುದು ಆಕೆಗೆ ತಿಳಿದಿರುತ್ತದೆ. ಇಷ್ಟರಿಂದಲೇ ಒಂದು ಜೀವ ಉಳಿಯಬಹುದು.

ಇನ್ನೊಬ್ಬಾಕೆ ಬಾಣಂತಿ. ಹೆರಿಗೆಯಾಗಿ ಹತ್ತು ದಿನಗಳಾಗಿವೆ, ನಿದ್ರೆಯಿಲ್ಲ, ಕೂಸು ತನ್ನದಲ್ಲವೆನ್ನುತ್ತಾಳೆ. ಮನೆಯವರು ಗಾಳಿ ಸೋಕಿತೆಂದು ಮಂತ್ರವಾದಿಯನ್ನು ಹುಡುಕುತ್ತಾರೆ. ಆ ಮನೆಯ ಹೊಸ್ತಿಲನ್ನು ಮೊದಲು ತುಳಿಯುವವಳು ಹಳ್ಳಿಯ ಸಹಾಯಕ ದಾದಿ. ತಾಯಿಗೂ ಕೂಸಿಗೂ ಒದಗಿರುವ ಅಪಾಯವನ್ನು ಆಕೆ ಅರಿತರೆ ಇಬ್ಬರೂ ಬದುಕುತ್ತಾರೆ. ಮನೋವ್ಯಾಧಿಗೆ ಇಂಜೆಕ್ಷನ್ ಪಡೆದ ಯುವಕನೊಬ್ಬನ ಕತ್ತು ಒಂದು ಕಡೆಗೆ ತಿರುಚಿಕೊಂಡು ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ ನೋಡಿದವರು ದೆವ್ವವೆನ್ನುವರು. ಅದು ಔಷಧದ ದುಷ್ಪರಿಣಾಮ, ಮತ್ತೊಂದು ಔಷಧದಿಂದ ಸ್ವಲ್ಪ ಹೊತ್ತಿನಲ್ಲಿಯೇ ಇಳಿಯತಕ್ಕದ್ದು. ಲಿಥಿಯಂ ಸೇವಿಸುವವನಿಗೆ ವಾಂತಿಭೇದಿಯಾಗಿ ಕೈ ನಡುಗಿ ನಾಲಗೆ ತೊದಲಿದರೆ, ಆ ಔಷಧವೇ ವಿಷವಾಗುತ್ತಿದೆಯೆಂದು ಶಂಕಿಸಬೇಕು. ಸಾಯುವ ಯೋಚನೆಯುಳ್ಳವನನ್ನು ಆ ವಿಷಯವಾಗಿ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಇವೆಲ್ಲವೂ ಕರುಣೆಯೊಂದರಿಂದಲೇ ಬರತಕ್ಕವಲ್ಲ. ಕಲಿಯಬೇಕಾದ ವಿದ್ಯೆಗಳಿವು.

ಏರಲಾಗದ ಏಣಿ

ನಮ್ಮ ದೇಶದಲ್ಲಿ ದಾದಿಯ ವೃತ್ತಿಗೆ ಮೆಟ್ಟಲುಗಳಿಲ್ಲವೆಂದಲ್ಲ. ಸಹಾಯಕ ದಾದಿಗೆ ಎರಡು ವರ್ಷದ ಶಿಕ್ಷಣ, ಸಾಮಾನ್ಯ ಶುಶ್ರೂಷೆಯ ಡಿಪ್ಲೊಮಾಕ್ಕೆ ಮೂರು ವರ್ಷ. ಡಿಪ್ಲೊಮಾ ಪಡೆದವಳು ಮತ್ತೆರಡು ವರ್ಷ ಕಾಲೇಜಿನಲ್ಲಿ ಓದಿದರೆ ಬಿ.ಎಸ್‌ಸಿ. ಪದವಿ, ಒಂದು ವರ್ಷ ಓದಿದರೆ ಮಾನಸಿಕ ಶುಶ್ರೂಷೆಯ ವಿಶೇಷ ಡಿಪ್ಲೊಮಾ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, ಆ ದಶಕದಲ್ಲಿಯೇ ದಾದಿಯರಿಗೆ ಈ ವಿಶೇಷ ಶಿಕ್ಷಣವನ್ನು ಪ್ರಾರಂಭಿಸಿತು. 1974ರಲ್ಲಿ ನಿಮ್ಹಾನ್ಸ್ ಆದುದು ಅದೇ ಸಂಸ್ಥೆ. ಈ ವಿದ್ಯೆಗೆ ನಮ್ಮ ನಾಡೇ ತವರೆಂದು ಕನ್ನಡಿಗರು ಹೆಮ್ಮೆಪಡಬಹುದು.

ಆದರೆ ಏಣಿಯಿದ್ದ ಮಾತ್ರಕ್ಕೆ ಏರಲಾದೀತೇ? ಮೇಲಿನ ಮೆಟ್ಟಲುಗಳು ಬಹುಮಟ್ಟಿಗೆ ಪೂರ್ಣಕಾಲದ ವ್ಯಾಸಂಗವನ್ನು ಬೇಡುತ್ತವೆ. ಸಹಾಯಕ ದಾದಿಯು ಹತ್ತು ವರ್ಷ ಹಳ್ಳಿಹಳ್ಳಿ ತಿರುಗಿದ ಮೇಲೆಯೂ, ಡಿಪ್ಲೊಮಾ ಬೇಕೆಂದರೆ ಮತ್ತೆ ಮೂರು ವರ್ಷ ಶಾಲೆಯ ಮಗುವಿನಂತೆ ಕುಳಿತುಕೊಳ್ಳಬೇಕು. ಸರ್ಕಾರೀ ಸೇವೆಯಲ್ಲಿರುವವರನ್ನು ನಿಯೋಜನೆಯ ಮೇಲೆ ಓದಿಗೆ ಕಳುಹಿಸುವ ಪದ್ಧತಿಯೇನೋ ಇದೆ. ಖಾಸಗಿ ಆಸ್ಪತ್ರೆಯ ದಾದಿಗೆ ಅದೂ ಇಲ್ಲ. ಆಕೆಯ ಸಂಬಳವನ್ನೇ ನಂಬಿ ಮನೆಯಲ್ಲಿ ಮುಪ್ಪಿನ ತಾಯಿತಂದೆಗಳೂ ಶಾಲೆಗೆ ಹೋಗುವ ಮಕ್ಕಳೂ ಇರುವರು. ಸಂಬಳ ಬಿಟ್ಟು ಓದೆಂದು ಹೇಳುವುದು ಓದಬೇಡವೆಂದು ಹೇಳುವುದಕ್ಕೆ ಸಮ.

ಇಲ್ಲಿ ಮತ್ತೊಂದು ಅಪಾಯವನ್ನೂ ನಾವು ಎತ್ತಿ ತೋರಿಸಬೇಕಾಗಿದೆ. 2017ರ ಕಾಯಿದೆಯು, ಸಾಮಾನ್ಯ ಶುಶ್ರೂಷೆಯ ಡಿಪ್ಲೊಮಾ ಅಥವಾ ಪದವಿ ಪಡೆದು ನೋಂದಾಯಿತರಾದವರನ್ನೂ 'ಮಾನಸಿಕ ಆರೋಗ್ಯ ದಾದಿ'ಯರೆಂದೇ ನಿರೂಪಿಸಿದೆ. ಅಂತರರಾಷ್ಟ್ರೀಯ ಪ್ರಮಾಣಕ್ಕೆ ತಕ್ಕಷ್ಟು ಮಾನಸಿಕ ಆರೋಗ್ಯ ಸಿಬ್ಬಂದಿಯನ್ನು ಕಾಯಿದೆ ಜಾರಿಗೆ ಬಂದ ಹತ್ತು ವರ್ಷಗಳೊಳಗಾಗಿ ಒದಗಿಸಲು ಸರ್ಕಾರಗಳು ಪ್ರಯತ್ನಿಸತಕ್ಕದ್ದೆಂದೂ ಹೇಳಿದೆ. ಕಾಯಿದೆ ಜಾರಿಗೆ ಬಂದುದು 2018ರಲ್ಲಿ. ಅವಧಿ ತುಂಬುವುದು 2028ರಲ್ಲಿ. ಗಡುವು ಸಮೀಪಿಸಿದಾಗ ಸಾಮಾನ್ಯ ದಾದಿಯರ ಹೆಸರನ್ನೇ ಪಟ್ಟಿಯಲ್ಲಿ ಬರೆದು ಸಂಖ್ಯೆ ತುಂಬಿತೆಂದು ತೋರಿಸುವುದು ಕಚೇರಿಗಳಿಗೆ ಕಷ್ಟವಲ್ಲ. ಪಟ್ಟಿ ತುಂಬಿದರೆ ರೋಗಿಯ ಕಷ್ಟ ತೀರುವುದೇ? ಕಾಯಿದೆಯು ದಾದಿಗೆ ಹೆಸರನ್ನು ಕೊಟ್ಟಿದೆ. ಆ ಹೆಸರಿಗೆ ತಕ್ಕ ವಿದ್ಯೆಯನ್ನು ಕೊಡುವುದು ಸರ್ಕಾರದ ಹೊಣೆ.

ದುಡಿಯುತ್ತಲೇ ಓದುವ ದಾರಿ

ಸೇವೆಯಲ್ಲಿದ್ದುಕೊಂಡೇ ಬಿಡುವಿನಲ್ಲಿ ಓದಿ ಮೇಲಕ್ಕೇರುವುದು ಹೊಸ ಕಲ್ಪನೆಯಲ್ಲ. ನಿಜವಾಗಿ ಮಾನಸಿಕ ಶುಶ್ರೂಷೆಯೆಂಬ ವೃತ್ತಿಯು ಬೆಳೆದುದೇ ಹಾಗೆ. ಬ್ರಿಟನ್ನಿನ ಹುಚ್ಚಾಸ್ಪತ್ರೆಗಳಲ್ಲಿ ಕಾವಲುಗಾರರಂತಿದ್ದ ಪರಿಚಾರಕರಿಗಾಗಿ 1885ರಲ್ಲಿ ಒಂದು ಕೈಪಿಡಿಯು ಪ್ರಕಟವಾಯಿತು. 1891ರಿಂದ ಪರೀಕ್ಷೆಯೂ ಅರ್ಹತಾಪತ್ರವೂ ಏರ್ಪಟ್ಟವು. ಅವರು ಕೆಲಸ ಬಿಟ್ಟು ಓದಿದವರಲ್ಲ, ರೋಗಿಗಳ ನಡುವೆಯೇ ಇದ್ದು ಓದಿದವರು. ಇಂದಿಗೂ ಆ ದೇಶದ ಮುಕ್ತ ವಿಶ್ವವಿದ್ಯಾಲಯವು, ಆಸ್ಪತ್ರೆಗಳಲ್ಲಿ ಸಹಾಯಕರಾಗಿ ದುಡಿಯುವವರನ್ನು ಅವರ ಧಣಿಗಳ ಬೆಂಬಲದಿಂದ ಮಾನಸಿಕ ಶುಶ್ರೂಷೆಯ ಪದವಿಗೆ ಸಿದ್ಧಪಡಿಸುತ್ತದೆ. ಕೆನಡಾದ ಪಶ್ಚಿಮ ಪ್ರಾಂತ್ಯಗಳಲ್ಲಿ ಮಾನಸಿಕ ಶುಶ್ರೂಷಕರಿಗೆ ಪ್ರತ್ಯೇಕ ನೋಂದಣಿಯಿದೆ. ಅಲ್ಲಿನ ಆಲ್ಬರ್ಟಾ ಪ್ರಾಂತ್ಯದ ಅಥಾಬಾಸ್ಕಾ ವಿಶ್ವವಿದ್ಯಾಲಯವು ಕೆಳಗಿನ ದರ್ಜೆಯ ದಾದಿಯರಿಗೆ ದೂರಶಿಕ್ಷಣದಿಂದ ಶುಶ್ರೂಷೆಯ ಪದವಿಯನ್ನು ದೊರಕಿಸುತ್ತದೆ.

ಪರದೇಶಗಳ ಮಾತು ಹಾಗಿರಲಿ. ನಮ್ಮ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೇ ಡಿಪ್ಲೊಮಾ ಪಡೆದು ಸೇವೆಯಲ್ಲಿರುವ ದಾದಿಯರಿಗೆ ಮೂರು ವರ್ಷದ ಪದವಿ ವ್ಯಾಸಂಗವನ್ನು ನಡೆಯಿಸಿ ತೋರಿಸಿದೆ. ನಿಮ್ಹಾನ್ಸ್ ಸಂಸ್ಥೆಯು 2018ರಲ್ಲಿ ಆರಂಭವಾದ ತನ್ನ ಡಿಜಿಟಲ್ ಅಕಾಡೆಮಿಯ ಮೂಲಕ ದೂರದ ಊರುಗಳ ಆರೋಗ್ಯ ಸಿಬ್ಬಂದಿಗೆ ಪಾಠ ಹೇಳುತ್ತಿದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದು ನಡೆಯಿಸಿದ ಪ್ರಯೋಗವು, ಸಾಮಾನ್ಯ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರೆ ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೂ ಮುಟ್ಟಿಸಬಹುದೆಂಬುದನ್ನು ದೇಶಕ್ಕೇ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ಅದೇ ಬಳ್ಳಾರಿ. ಬಿಡಿಬಿಡಿಯಾಗಿ ಎಲ್ಲವೂ ನಮ್ಮಲ್ಲಿದೆ. ಅವುಗಳನ್ನು ಒಂದಾಗಿ ಹೆಣೆಯುವ ಕೆಲಸ ಮಾತ್ರ ಉಳಿದಿದೆ.

ಆಕ್ಷೇಪಣೆಗಳು

ಇಂತಹ ಏರ್ಪಾಡಿಗೆ ಎರಡು ಆಕ್ಷೇಪಣೆಗಳು ಬರಬಹುದು. ಅಂಚೆಯ ಮೂಲಕ ಶುಶ್ರೂಷೆ ಕಲಿಯಲಾದೀತೇ, ಮಟ್ಟ ಇಳಿಯದೇ ಎಂಬುದು ಮೊದಲನೆಯದು. ಈ ಭಯ ನಿರಾಧಾರವಲ್ಲ. ಉದ್ರಿಕ್ತನಾದ ರೋಗಿಯನ್ನು ಮಾತಿನಿಂದ ಶಾಂತಗೊಳಿಸುವುದನ್ನು ಪುಸ್ತಕದಿಂದಲೂ ಯಂತ್ರದ ತೆರೆಯಿಂದಲೂ ಯಾರೂ ಕಲಿತಿಲ್ಲ. ಆದುದರಿಂದ ಶಾಸ್ತ್ರಭಾಗವನ್ನು ದೂರದಿಂದ ಕಲಿಸಿದರೂ, ಪ್ರಾಯೋಗಿಕ ಶಿಕ್ಷಣವು ಅನುಭವಸ್ಥರ ಕಣ್ಣೆದುರಿನಲ್ಲಿಯೇ ರೋಗಿಗಳ ನಡುವೆ ನಡೆಯಬೇಕು. ಅದರ ಗಂಟೆಗಳಲ್ಲಿ ಒಂದನ್ನೂ ಕಡಿಮೆ ಮಾಡಕೂಡದು, ಪರೀಕ್ಷೆಯೂ ಪೂರ್ಣಕಾಲದವರದೇ ಆಗಿರಬೇಕು. ಸುಲಭದ ಪದವಿಯನ್ನು ನಾವು ಕೇಳುತ್ತಿಲ್ಲ. ಸಂಬಳ ಬಿಡದೆ ಪಡೆಯಬಹುದಾದ ಪದವಿಯನ್ನು ಕೇಳುತ್ತಿದ್ದೇವೆ.

ಎರಡನೆಯದು, ದಾದಿಯರು ಓದಿಗೆ ಹೋದರೆ ವಾರ್ಡುಗಳು ಬರಿದಾಗುವುವೆಂಬುದು. ಇಂದಿನ ಪದ್ಧತಿಯಲ್ಲಿಯೇ ಅಲ್ಲವೇ ಓದುವವಳು ವರ್ಷಗಟ್ಟಲೆ ವಾರ್ಡನ್ನು ಬಿಟ್ಟು ಹೋಗುವುದು! ಅರೆವೇಳೆಯ ವ್ಯಾಸಂಗದಲ್ಲಿ ವಾರಕ್ಕೆ ಒಂದೆರಡು ದಿನದ ಬಿಡುವು ಸಾಕಾದೀತು. ಸೋಮವಾರ ಕಲಿತುದು ಮಂಗಳವಾರವೇ ರೋಗಿಯ ಉಪಯೋಗಕ್ಕೆ ಬರುತ್ತದೆ.

ಮಾಡಬೇಕಾದುದು

ಆದಕಾರಣ ನಾವು ಸರ್ಕಾರದವರ ಮುಂದೆ ಈ ಸೂಚನೆಗಳನ್ನಿಡುತ್ತೇವೆ. ಮೊದಲನೆಯದಾಗಿ, ವಿಶೇಷ ಡಿಪ್ಲೊಮಾದ ಒಂದು ವರ್ಷವನ್ನು ಎರಡು ವರ್ಷಗಳಿಗೂ, ಪದವಿಯ ಎರಡು ವರ್ಷಗಳನ್ನು ಮೂರು ವರ್ಷಗಳಿಗೂ ಹಂಚಿ, ಸೇವೆಯಲ್ಲಿರುವವರು ಸಂಬಳ ಸಹಿತವಾಗಿ ಓದುವಂತೆ ಅವಕಾಶ ಕೊಡಬೇಕು. ಸಹಾಯಕ ದಾದಿಯರ ಹಿಂದಿನ ಶಿಕ್ಷಣಕ್ಕೂ ಅನುಭವಕ್ಕೂ ಯೋಗ್ಯ ಮನ್ನಣೆಯಿತ್ತು ಅವರ ಹಾದಿಯನ್ನು ಮೊಟಕುಗೊಳಿಸಬೇಕು. 1947ರ ದಾದಿಯರ ಪರಿಷತ್ತಿನ ಕಾಯಿದೆಯ ಸ್ಥಾನದಲ್ಲಿ ಸಂಸತ್ತು 2023ರಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿದೆ; ಹೊಸ ನಿಯಮಗಳನ್ನು ರಚಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಒದಗದು. ಎರಡನೆಯದಾಗಿ, ಪ್ರಾಯೋಗಿಕ ಶಿಕ್ಷಣವು ಬೆಂಗಳೂರಿಗೆ ಮಾತ್ರ ಸೀಮಿತವಾಗದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿಯೂ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳ ಮನೋರೋಗ ವಿಭಾಗಗಳಲ್ಲಿಯೂ ನಡೆಯಬೇಕು. ಬೀದರಿನ ದಾದಿಗೆ ಬೆಂಗಳೂರು ದೂರದ ಊರು.

ಮೂರನೆಯದೇ ಮುಖ್ಯವಾದುದು. ಓದಿ ಬಂದವಳಿಗೆ ತಕ್ಕ ಹುದ್ದೆಯೂ ಸಂಬಳವೂ ಇರಬೇಕು. ವಿಶೇಷ ವಿದ್ಯೆ ಪಡೆದವಳನ್ನು ಮರಳಿ ಹೆರಿಗೆ ವಾರ್ಡಿಗೋ ಶಸ್ತ್ರಚಿಕಿತ್ಸೆಯ ಕೊಠಡಿಗೋ ಹಾಕಿದರೆ ಆ ವಿದ್ಯೆ ಅಡವಿಯ ಬೆಳದಿಂಗಳಾಗುತ್ತದೆ. ಕಲಿತವರಿಲ್ಲವೆಂದು ಹುದ್ದೆಯನ್ನು ಸೃಷ್ಟಿಸದಿರುವುದು, ಹುದ್ದೆಯಿಲ್ಲವೆಂದು ಯಾರೂ ಕಲಿಯದಿರುವುದು ಎಂದಾದರೆ, ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯೇ ನಮ್ಮ ಆರೋಗ್ಯ ಇಲಾಖೆಯ ನೀತಿಯಾದೀತು. ಈ ಸುತ್ತನ್ನು ಮೊದಲು ಕಡಿಯಬೇಕಾದವರು ಹುದ್ದೆಯನ್ನು ಸೃಷ್ಟಿಸುವ ಅಧಿಕಾರವುಳ್ಳವರು.

ಸಾರ್ವಜನಿಕರಿಗೂ ಒಂದು ಮಾತು. ಹುಚ್ಚಾಸ್ಪತ್ರೆಯ ದಾದಿಯೆಂದು ಈ ವೃತ್ತಿಯವರನ್ನು ಹಗುರವಾಗಿ ಕಾಣುವ ಅಭ್ಯಾಸ ನಮ್ಮ ವಿದ್ಯಾವಂತರ ಮನೆಗಳಲ್ಲಿಯೂ ಉಂಟು. ಅದು ತೊಲಗಬೇಕು. ಯಾರೂ ಹತ್ತಿರ ಸುಳಿಯದ ರೋಗಿಯ ಬಳಿಗೆ ತಾನಾಗಿ ಹೋಗಿ ಹೆಸರು ಹಿಡಿದು ಕರೆಯುವವಳು ಕೀಳಾದ ಕೆಲಸ ಮಾಡುವವಳಲ್ಲ. 2028 ದೂರವಿಲ್ಲ. ಆ ವರ್ಷ ಬರುವುದರೊಳಗಾಗಿ ನಮ್ಮ ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ಹಗಲಿಗೊಬ್ಬರು, ರಾತ್ರಿಗೊಬ್ಬರಾದರೂ ಮಾನಸಿಕ ಶುಶ್ರೂಷೆಯಲ್ಲಿ ನಿಜವಾಗಿ ಶಿಕ್ಷಿತರಾದ ದಾದಿಯರು ಇರುವಂತೆ ಮಾಡುವುದು ಶ್ರೀಮಂತ ರಾಷ್ಟ್ರಗಳಿಗೆ ಮಾತ್ರ ಸಾಧ್ಯವಾದ ಕಾರ್ಯವೇನಲ್ಲ. ಅದಕ್ಕೆ ಬೇಕಾದ ಜನರು ಈಗಾಗಲೇ ನಮ್ಮ ವಾರ್ಡುಗಳಲ್ಲಿ ಎಚ್ಚರವಾಗಿ ಕುಳಿತಿದ್ದಾರೆ. ಅವರಿಗೆ ಓದುವ ಅವಕಾಶವನ್ನು ಕಲ್ಪಿಸಿಕೊಡುವಂತೆ ಸರ್ಕಾರದವರನ್ನು ಆಗ್ರಹಪಡಿಸುತ್ತೇವೆ.