ಶಾಲೆಗೆ ಹೋದ ದೊಡ್ಡ ನಿಧಿಗಳ ಹಣ



ರಂಜಾನ್‌ನಲ್ಲಿ ಬಂದ ಹಣ ಕಾಲೇಜು ಶುಲ್ಕ ಕಟ್ಟುವ ತಿಂಗಳುಗಳಲ್ಲೇ ಮುಗಿಯುತ್ತದೆ. ಮೊದಲ ವರ್ಷ ನೆರವು ಪಡೆದ ನರ್ಸಿಂಗ್ ವಿದ್ಯಾರ್ಥಿನಿಗೆ ಮೂರನೇ ವರ್ಷಕ್ಕೂ ಕೊಡುತ್ತೇವೆಂದು ಖಾತರಿ ಹೇಳಲು ನಮಗೆ ಆಗುವುದಿಲ್ಲ. ದಾನ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ, ಶುಲ್ಕ ಮಾತ್ರ ಇಳಿದದ್ದನ್ನು ನಾವು ಕಂಡಿಲ್ಲ. ಆದ್ದರಿಂದ ದೊಡ್ಡ ಹಣ ಎಲ್ಲಿದೆ, ಅದು ಶಿಕ್ಷಣದ ಕಡೆಗೆ ಹೇಗೆ ಬರಬಹುದು ಎಂದು ತಿಳಿದಿರುವುದು ಒಳ್ಳೆಯದು.

ದೊಡ್ಡ ಹಣ ಇರುವುದು ಪಿಂಚಣಿ ನಿಧಿ, ಭವಿಷ್ಯ ನಿಧಿ, ವಿಮಾ ಕಂಪನಿ, ಬ್ಯಾಂಕುಗಳ ಬಳಿ. ಅದು ಜನರ ಉಳಿತಾಯ. ಮನಸ್ಸು ಬಂದಂತೆ ದಾನ ಮಾಡಲು ಅವರಿಗೆ ಅಧಿಕಾರವಿಲ್ಲ. ಆದರೆ ಅಸಲು ಮರಳುವಂತೆ, ಮಿತವಾದ ಲಾಭವೂ ಬರುವಂತೆ, ಜೊತೆಗೆ ಅಳೆದು ನೋಡಬಹುದಾದ ಸಾಮಾಜಿಕ ಫಲ ಸಿಗುವಂತೆ ಹೂಡಬಹುದು. ಇದಕ್ಕೆ ಇಂಪ್ಯಾಕ್ಟ್ ಇನ್ವೆಸ್ಟಿಂಗ್ ಎಂದು ಹೆಸರು.

ಮಲೇಷ್ಯಾದ ಉದಾಹರಣೆ ನಮಗೆ ಹತ್ತಿರದ್ದು. 2015ರಲ್ಲಿ ಅಲ್ಲಿನ ಸರಕಾರದ ಹೂಡಿಕೆ ಸಂಸ್ಥೆ ಖಜಾನಾ ನ್ಯಾಷನಲ್, ‘ಸುಕೂಕ್ ಇಹ್ಸಾನ್’ ಹೆಸರಿನಲ್ಲಿ 10 ಕೋಟಿ ರಿಂಗಿಟ್ ಎತ್ತಿತು. ಸುಕೂಕ್ ಎಂದರೆ ಬಡ್ಡಿಯ ಸಾಲಪತ್ರದ ಬದಲು, ಶರೀಅತ್ ಒಪ್ಪುವ ಆಸ್ತಿ ಅಥವಾ ವ್ಯವಹಾರದ ಆಧಾರದ ಮೇಲೆ ನಿಂತ ಹೂಡಿಕೆ ಪತ್ರ. ಅವಧಿ 7 ವರ್ಷ, ಆದಾಯ ವರ್ಷಕ್ಕೆ ಶೇ. 4.3. ಪಿಂಚಣಿ ನಿಧಿ, ಬ್ಯಾಂಕುಗಳಂಥ ಸಂಸ್ಥೆಗಳು ಇದನ್ನು ಕೊಂಡವು. ಹಣ ಹೋದದ್ದು ಸರಕಾರಿ ಶಾಲೆಗಳ ಗುಣಮಟ್ಟ ಸುಧಾರಿಸುವ ಯಯಾಸನ್ ಅಮೀರ್ ಎಂಬ ಸಂಸ್ಥೆಯ ಕಾರ್ಯಕ್ರಮಕ್ಕೆ.

ಇದರ ಷರತ್ತು ಸ್ವಾರಸ್ಯದ್ದು. ಮೊದಲೇ ಗೊತ್ತುಮಾಡಿದ ಗುರಿಗಳು ಪೂರ್ತಿ ಈಡೇರಿದರೆ ಹೂಡಿದವರು ಅಸಲಿನಲ್ಲಿ ಶೇ. 6.22ರವರೆಗೆ ಬಿಟ್ಟುಕೊಡಬೇಕು, ಈಡೇರದಿದ್ದರೆ ಅಸಲು ಪೂರ್ತಿ ವಾಪಸ್. ಅಂದರೆ 1 ಲಕ್ಷ ರಿಂಗಿಟ್ ಹಾಕಿದವರು ಹೆಚ್ಚೆಂದರೆ 6,220 ರಿಂಗಿಟ್ ಬಿಡುತ್ತಾರೆ. ಅಷ್ಟರಲ್ಲಿ ಏಳು ವರ್ಷಗಳಲ್ಲಿ 30,100 ರಿಂಗಿಟ್ ಆದಾಯ ಬಂದಿರುತ್ತದೆ. ಗೆದ್ದಾಗ ಕಡಿಮೆ, ಸೋತಾಗ ಹೆಚ್ಚು ಎಂಬುದು ಮೊದಲ ಓದಿಗೆ ತಲೆಕೆಳಗಾಗಿ ಕಾಣುತ್ತದೆ. ಯೋಚಿಸಿದರೆ ಅರ್ಥವಾಗುತ್ತದೆ: ಶಾಲೆ ಸುಧಾರಿಸಿದರೆ ಆ ಭಾಗ ಸದಕಾ, ಇಲ್ಲವಾದರೆ ಕೆಲಸವಾಗದ ಯೋಜನೆಗೆ ಯಾರೂ ದಾನ ಕೊಟ್ಟಂತಾಗುವುದಿಲ್ಲ. ಎಷ್ಟು ಬಿಡಬೇಕೆಂಬ ಮಿತಿ ಮೊದಲೇ ತಿಳಿದಿರುವುದರಿಂದಲೇ ಪಿಂಚಣಿ ನಿಧಿಯ ಅಧಿಕಾರಿ ಧೈರ್ಯವಾಗಿ ಸಹಿ ಹಾಕಬಹುದು.

ನಮ್ಮ ದೇಶದಲ್ಲಿ ರಾಜಸ್ಥಾನದ ಭಿಲ್ವಾರಾದಲ್ಲಿ 2015ರಿಂದ 2018ರವರೆಗೆ ಬೇರೊಂದು ಕ್ರಮ ನಡೆಯಿತು. ‘ಎಜುಕೇಟ್ ಗರ್ಲ್ಸ್’ ಸಂಸ್ಥೆಯ ಕೆಲಸಕ್ಕೆ ಯುಬಿಎಸ್ ಆಪ್ಟಿಮಸ್ ಪ್ರತಿಷ್ಠಾನ ಮುಂಗಡವಾಗಿ ಬಂಡವಾಳ ಹಾಕಿತು. ಫಲ ಬಂದರೆ ಮಾತ್ರ ಲಾಭಸಮೇತ ಹಿಂದಿರುಗಿಸುವ ಹೊಣೆ ಇನ್ನೊಂದು ಪ್ರತಿಷ್ಠಾನದ್ದು. ಬಡ ಕುಟುಂಬಗಳ ಮೇಲೆ ಯಾವ ಹೊರೆಯೂ ಇರಲಿಲ್ಲ. ಎರಡನೇ ವರ್ಷದ ಕೊನೆಗೂ ಕಲಿಕೆ ಗುರಿಯ ಅರ್ಧದಷ್ಟೇ ಆಗಿತ್ತು. ಪಾಠದ ಕ್ರಮ ಬದಲಾಯಿಸಿದ ಮೇಲೆ ಮೂರನೇ ವರ್ಷ ಅದು ಗುರಿಯ ಶೇ. 160ಕ್ಕೆ ಏರಿತು, ಹುಡುಗಿಯರ ದಾಖಲಾತಿ ಶೇ. 116 ಆಯಿತು. ಇಲ್ಲಿನ ಲಾಭದ ಶರೀಅತ್ ಸ್ವರೂಪವನ್ನು ಉಲಮಾಗಳು ಹೇಳಬೇಕು. ನಾವು ಮೆಚ್ಚುವುದು ಇದರ ಅಳತೆಯ ಕ್ರಮವನ್ನು. ಮಕ್ಕಳನ್ನು ಪರೀಕ್ಷಿಸಿದ್ದು ಹೊರಗಿನ ಸಂಸ್ಥೆ. ಪಾಠ ಮಾಡಿದವರೇ ಉತ್ತರಪತ್ರಿಕೆ ತಿದ್ದಿ ಫಲಿತಾಂಶ ಸಾರಿದರೆ ಎಲ್ಲರೂ ಪಾಸು, ಇದು ಶಾಲೆಯಲ್ಲಿ ದುಡಿದ ಯಾರಿಗೂ ಗೊತ್ತು.

ಬೆಂಗಳೂರಿನ ಉನ್ನತಿ ಫೌಂಡೇಶನ್ 2023ರಲ್ಲಿ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಮೂಲಕ ಯುವಕರ ತರಬೇತಿಗೆ ಹಣ ಸಂಗ್ರಹಿಸಿದ್ದನ್ನೂ ಕೆಲವರು ಕೇಳಿರಬಹುದು. ಆ ಪತ್ರಗಳಲ್ಲಿ ಬಡ್ಡಿಯೂ ಇಲ್ಲ, ಅಸಲೂ ಮರಳುವುದಿಲ್ಲ. ಹೂಡಿಕೆಯ ರೂಪದಲ್ಲಿರುವ ದಾನವೇ ಅದು, ಆದರೆ ಫಲಿತಾಂಶದ ವರದಿ ಕೊಡಲೇಬೇಕು.

ನಮ್ಮ ದಾನಿಗಳಲ್ಲಿ ಕಂಪನಿ ಆಡಳಿತ ಮಂಡಳಿಯಲ್ಲಿರುವವರು, ಸಹಕಾರ ಸಂಘ ನಡೆಸುವವರು, ಗಲ್ಫ್‌ನಲ್ಲಿ ಹಣಕಾಸು ಸಂಸ್ಥೆಗಳಲ್ಲಿ ದುಡಿಯುವವರು ಇದ್ದಾರೆ. ನಿಮ್ಮ ಸಂಸ್ಥೆಯ ನಿಧಿಯಲ್ಲಿ ಸಣ್ಣ ಪಾಲನ್ನಾದರೂ ಶಿಕ್ಷಣಕ್ಕೆ ಹೀಗೆ ಹೂಡಬಹುದೇ ಎಂದು ಮುಂದಿನ ಸಭೆಯಲ್ಲಿ ಕೇಳಿ. ಗುರಿ ಯಾವುದು, ಅಳೆಯುವವರು ಯಾರು, ಸೋತರೆ ನಷ್ಟ ಯಾರಿಗೆ ಎಂಬುದನ್ನೂ ಅಲ್ಲೇ ಕೇಳಬೇಕು. ಉತ್ತರ ಸಿಗದಿದ್ದರೆ ಸಹಿ ಹಾಕದಿರುವುದೇ ಮೇಲು.

ಝಕಾತ್ ಹಣದ ಬಗ್ಗೆ ಯಾರಿಗೂ ಆತಂಕ ಬೇಡ. ಝಕಾತ್ ಹಕ್ಕುದಾರರಿಗೆ ಸಲ್ಲಬೇಕಾದದ್ದು. ಅದನ್ನು ನಾವು ಎಲ್ಲಿಯೂ ಹೂಡುವುದಿಲ್ಲ, ಅದರ ಖಾತೆಯೂ ಬೇರೆ. ಟ್ರಸ್ಟಿನ ಉಳಿದ ಹಣವನ್ನೂ ಆದಾಯ ತೆರಿಗೆ ಕಾಯ್ದೆ ಅನುಮತಿಸಿದ ಕಡೆ ಮಾತ್ರ ಇಡಬಹುದು. ಪೋಷಕರು ಎಂದಿನಂತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಹಾಗೂ ಕಾಲೇಜಿನ ಶುಲ್ಕ ರಸೀದಿಯೊಂದಿಗೆ ಅರ್ಜಿ ಸಲ್ಲಿಸಬೇಕು. ಕಳೆದ ವರ್ಷ ನೆರವು ಪಡೆದವರೂ ಹೊಸದಾಗಿ ಅರ್ಜಿ ತುಂಬತಕ್ಕದ್ದು.